ಹೊಟ್ಟೆ ಸುಮ್ಮನಿದೆ

ಆಗಸ್ಟ್ ೧೯, ಮಂಗಳವಾರ. ಕಾಗವಾಡ.

ಎಡಗಣ್ಣಿನ ಕೆಂಪು ಇವತ್ತೂ ಇಳಿಯಲಿಲ್ಲ.

ಬೆಳಿಗ್ಗೆ ಅತ್ತೆ ನೋಡಿ, "ಓಣಿ ತುಂಬ ಎಲ್ಲಾರ್ಗೂ ಕಣ್ಣ ಬಂದಾವ, ನಿನಗೂ ಬಂದಾವ. ತುಪ್ಪ ಹಚ್ಕೊ ತೃಪ್ತಿ, ಹೋಗ್ತೈತಿ" ಅಂದರು. ಹಚ್ಚಿಕೊಂಡೆ. ಆದರೆ ಓಣಿಯವರ ಕಣ್ಣಲ್ಲಿ ಪಿಚ್ಚು ಸುರಿಯುತ್ತದೆ. ನನಗೆ ಪಿಚ್ಚಿಲ್ಲ, ಗುಡ್ಡೆಯ ಒಳಗಿನಿಂದ ನೋವು. ಬೆಳಕು ಚುಚ್ಚುತ್ತದೆ. ಮೊಬೈಲಿನ ಬೆಳಕನ್ನು ಗೋಡೆಗೆ ತಿರುಗಿಸಿ ಬರೆಯುತ್ತಿದ್ದೇನೆ.

ಹೋದ ವಾರ ಮೊಣಕಾಲು ಬಾತಾಗ ಇವರು, "ಮಳಿಗಾಲದಾಗ ವಾತ ಇರೂದ" ಅಂದರು. ಅದರ ಕೆಳಗೆ ಕೆಂಪು ಗಂಟುಗಳೆದ್ದಾಗ ಸೊಳ್ಳೆ ಕಡಿದಿದೆ ಅಂದುಕೊಂಡೆ. ಮೂರನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಹೊಟ್ಟೆ ಮಾತ್ರ ಯುಗಾದಿಯಿಂದ ಸುಮ್ಮನಿದೆ. ಕರುಳಿನ ಹುಣ್ಣಿನಿಂದ ರಕ್ತ ಬೀಳುವುದು ನಿಂತಿದೆ. ಆ ಧೈರ್ಯದ ಮೇಲೆಯೇ ಚಾತುರ್ಮಾಸದಲ್ಲಿ ಬಸದಿಗೆ ಹೋಗಿ ಒಪ್ಪೊತ್ತಿನ ವ್ರತ ಹಿಡಿದೆ. ಮಧ್ಯಾಹ್ನದ ಊಟವಾದ ಮೇಲೆ ನೀರೂ ಇಲ್ಲ, ರಾತ್ರಿಯ ಗುಳಿಗೆಯೂ ಇಲ್ಲ. ವ್ರತದಿಂದಲೇ ಸೊಸೆಯ ಕರುಳು ವಾಸಿಯಾಯಿತೆಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಗುಳಿಗೆ ಬಿಟ್ಟದ್ದು ಇವರಿಗೆ ಗೊತ್ತಿಲ್ಲ.

ಕರುಳಿಗೆ ಔಷಧ ಕೊಡುವ ಮಿರಜದ ಡಾಕ್ಟರ್ ಹಿಂದೆ ಅಂದದ್ದು ಸಂಜೆಯಿಂದ ತಲೆಯಲ್ಲಿ ಸುತ್ತುತ್ತಿದೆ. "ಕರುಳ ಸುಮ್ನಿದ್ರೂ ಈ ರೋಗ ಸುಮ್ನಿರೂದಿಲ್ರಿ ಅಕ್ಕಾರ. ಕೀಲಿಗಿ ಹೋಗ್ತೈತಿ, ಚರ್ಮಕ್ಕ ಹೋಗ್ತೈತಿ. ಕಣ್ಣ ಕೆಂಪಾದ್ರಂತೂ ಅವತ್ತ ಬರ್ರಿ, ಮರುದಿನ ಅನ್ಬ್ಯಾಡ್ರಿ."

ಕೆಂಪಾಗಿದ್ದು ಶನಿವಾರ.

ಇವರನ್ನು ಎಬ್ಬಿಸಬೇಕು. ಎಬ್ಬಿಸಿದರೆ ಗುಳಿಗೆಯ ಮಾತೂ ಹೇಳಬೇಕು. ಬೆಳಗಾಗಲಿ ಅಂದುಕೊಂಡು, ಪಕ್ಕದಲ್ಲಿ ಮಲಗಿದವರನ್ನು ಒಂದೊಂದೇ ಕಣ್ಣಲ್ಲಿ ನೋಡಿದೆ. ಬಲಗಣ್ಣಿಗೆ ಮೀಸೆಯ ನರೆಯೂ ಕಾಣುತ್ತದೆ. ಅದನ್ನು ಮುಚ್ಚಿದರೆ ದಿಂಬಿನ ಮೇಲೆ ಮುಖವೇ ಇಲ್ಲ, ಬರೀ ಮಬ್ಬು. ಈಗಲೇ ಎಬ್ಬಿಸುತ್ತೇನೆ.