ಮುಂದಿನ ಫೋರ್ಕಿನ ಗೆರೆ

ಮಾರ್ಚ್ ೯, ಭಾನುವಾರ

ನಮ್ಮವರ ಹಳೇ ಸೈಕಲ್ಲಿಗೆ ಚೈನು, ಬ್ರೇಕು ಎಲ್ಲ ಹೊಸದು ಹಾಕಿ ಮುಗಿಸಿದ್ದೆ. ಸಂಜೆ ಒರೆಸುವಾಗ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕವಲಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ನಾಳೆಯಿಂದ ಮೊಮ್ಮಗಳು ಇದರಲ್ಲೇ ಕೆಲಸಕ್ಕೆ ಹೋಗುವವಳು, ದಾರಿಯಲ್ಲಿ ಆ ದೊಡ್ಡ ಇಳಿಜಾರು.

ಕರೆದು ತೋರಿಸಿದೆ.

"ಬಣ್ಣ ಕಿತ್ತಿರೋದು ಅಷ್ಟೇ ಅಜ್ಜಿ. ನಿನ್ನ ಕಣ್ಣಿಗೆ ಎಲ್ಲಾನೂ ಬಿರುಕೇ."

"ಉಗುರು ಸಿಕ್ಕಿಕೊಳ್ತಿದೆ ಕಣೇ."

"ಹಾಗಾದ್ರೆ ಉಗುರು ಕತ್ತರಿಸ್ಕೋ," ಎಂದು ನಗುತ್ತಾ ಮಲಗಲು ಹೋದಳು.

ಬಣ್ಣವೇ ಇರಬಹುದು. ಆದರೆ ಕಣ್ಣು ಮುಚ್ಚಿದರೆ ಕಬ್ಬಿಣ ಲಟಕ್ಕನೆ ಮುರಿಯುವ ಸದ್ದು. ಜೋಡಿಸಿದವಳು ನಾನೇ ಅಲ್ಲವೇ? ಈಗಷ್ಟೇ ಮುಂದಿನ ಚಕ್ರ ಬಿಚ್ಚಿ ನನ್ನ ಮಂಚದ ಕೆಳಗೆ ತಳ್ಳಿದ್ದೇನೆ. ಬೆಳಿಗ್ಗೆ ರಂಪ ಮಾಡುತ್ತಾಳೆ, ಮಾಡಲಿ. ಕೈಯೆಲ್ಲ ಗ್ರೀಸು. ನಲ್ಲಿ ತಿರುಗಿಸಿದರೆ ಅವಳಿಗೆ ಎಚ್ಚರವಾದೀತೆಂದು ಹಾಗೆಯೇ ಬರೆಯುತ್ತಿದ್ದೇನೆ.