ಹಿಂದಿನ ರೂಮಿಗೊಂದು ಸಮುದ್ರ

ಭಾನುವಾರ, ಮಾರ್ಚ್ ೯

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಅಳಿಯಂದಿರ ಕೆಮ್ಮು? ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ನನ್ನ ಕೈಯ ನಾತ ಕಾಗದಕ್ಕೂ ಹತ್ತಿತು ಅನ್ನಿಸಿ ಹರಿದು ಬಿಸಾಕಿದೆ. ಎಂಥ ನಾತ ಎಂದು ಮುಂದೆ ಹೇಳುತ್ತೇನೆ, ಊಟ ಮಾಡುತ್ತಾ ಓದಬೇಡ.

ನಿನ್ನಣ್ಣನಿಗೆ ಸಮುದ್ರದ ಹುಚ್ಚು ಹಿಡಿದಿದೆ. ಮನೆಯೊಳಗೆ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ ಇಟ್ಟು, ಹವಳ ಬೆಳೆಸಿ, ಕಿತ್ತಳೆ ಬಣ್ಣದ ಮೀನು ಬಿಡುತ್ತಾನಂತೆ. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ನಲ್ಲಿ ಹತ್ತಿರವಿರಬೇಕು, ಭಾರಕ್ಕೆ ನೆಲ ಗಟ್ಟಿಯಿರಬೇಕು. ಹಾಗಾಗಿ ಹಿಂದಿನ ರೂಮು. ಹೌದು, ನಿನ್ನದೇ. ನಿನ್ನ ಮಂಚ ಇರುವ ಜಾಗವನ್ನು ಟೇಪು ಹಿಡಿದು ಅಳೆದೂ ಆಯಿತು. ಯಾವ ಫಿಲ್ಟರ್ ಎಂದು ತೀರ್ಮಾನವಾದರೆ ಅದಕ್ಕೆ ತಕ್ಕ ಸ್ಟ್ಯಾಂಡು ಮಾಡಿಸಬೇಕು; ಸ್ಟ್ಯಾಂಡು ಬಂದ ದಿನ ಮಂಚ ಹೊರಗೆ. ಆ ಫಿಲ್ಟರ್ ಆರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾನೆ. ನಾನು ಕಾಲೇಜಿನಲ್ಲಿ ಸೈನ್ಸ್ ಓದಿದವನಂತೆ, ಹೊತ್ತೂ ಹೋಗುತ್ತದಂತೆ. ಓದಿದ್ದು ನಿಜ. ಅಸಹ್ಯಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಪದವಿತ್ತು. ನಮ್ಮ ಪ್ರೊಫೆಸರು ಮೂಗು ಮುರಿದು ಹೇಳುತ್ತಿದ್ದರು. ಈಗ ಪದ ಮರೆತಿದೆ, ಮೂಗು ಮಾತ್ರ ನೆನಪಿದೆ.

ಅಕ್ವೇರಿಯಂ ಅಂಗಡಿಯವನು ಮೊದಲು ಕ್ಯಾನಿಸ್ಟರ್ ಎಂಬುದನ್ನು ತೋರಿಸಿದ. ಬಿಗಿಯಾಗಿ ಮುಚ್ಚಿದ ಡಬ್ಬಿ, ಒಳಗೆ ಸ್ಪಂಜಿನ ಪದರಗಳು. ಸದ್ದಿಲ್ಲ, ಜಾಗ ಉಳಿಯುತ್ತದೆ, ಸಿಂಪಲ್ ಅಂಡ್ ಎಫಿಷಿಯೆಂಟ್. ಮುಚ್ಚಳ ತೆಗೆಸಿದೆ. ಮೀನು ತಿಂದು ಬಿಟ್ಟದ್ದು, ತಿಂದು ಮಾಡಿದ್ದು, ಎಲ್ಲ ಒಂದೇ ಲೋಳೆಯಾಗಿ ಕೊಳೆಯುತ್ತಿತ್ತು. ಆಗಾಗ ತೊಳೆಯದಿದ್ದರೆ ಆ ಕೊಳೆತದ್ದರ ಸತ್ವವೇ ಮತ್ತೆ ನೀರಿಗೆ ಸೇರಿ ಹವಳ ಮುದುಡಿಕೊಳ್ಳುತ್ತದೆ. ಬೇಡ ಅಂದೆ.

ಆಮೇಲೆ ಸಂಪು. ತೊಟ್ಟಿಯ ಕೆಳಗೆ, ಬೀರುವಿನೊಳಗೆ ಬಚ್ಚಿಟ್ಟ ಇನ್ನೊಂದು ತೊಟ್ಟಿ. ಮೇಲಿನ ನೀರು ಕೆಳಗಿಳಿದು, ಕಾಲುಚೀಲದಂಥ ಬಟ್ಟೆಯಲ್ಲಿ ಸೋಸಿ, ಪಂಪಿನಿಂದ ಮತ್ತೆ ಮೇಲಕ್ಕೆ. ಕರೆಂಟು ಹೋದಾಗ ನೀರೆಲ್ಲ ಕೆಳಗಿಳಿದು ನೆಲಕ್ಕೆ ಹರಿದರೆ ಒರೆಸುವವರು ಯಾರು ಎಂದು ಕೇಳಿದೆ. ಅದಕ್ಕೇ ಸಂಪನ್ನು ಕಂಠಮಟ್ಟ ತುಂಬಿಸಬಾರದು, ಜಾಗ ಬಿಡಬೇಕು ಅಂದ. ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ಕಾಲುಚೀಲ ಹಳೆಯ ಗಾಯದ ಬ್ಯಾಂಡೇಜಿನಂತೆ ಜೋತುಬಿದ್ದಿತ್ತು. ಅದೂ ಬೇಡ ಅಂದೆ.

ಕೊನೆಗೆ ಸ್ಕಿಮ್ಮರ್. ಸಣ್ಣ ಗುಳ್ಳೆಗಳಿಗೆ ನೀರಿನ ಜಿಡ್ಡು ಅಂಟಿ, ನೊರೆಯಾಗಿ ಏರಿ, ಮೇಲಿನ ಬಟ್ಟಲಿಗೆ ಬೀಳುತ್ತದೆ. ಮಗನ ಮಾರ್ಕ್ಸ್ ಕಾರ್ಡು ತೋರಿಸುವವನ ಹಾಗೆ ಅವನು ಆ ಬಟ್ಟಲನ್ನು ನನ್ನ ಮೂಗಿನ ಕೆಳಗೆ ಹಿಡಿದು, ಎಷ್ಟು ಗಲೀಜು ತೆಗೆದಿದೆ ನೋಡಿ ಅಂದ. ಕಪ್ಪುಹಸಿರು ರಾಡಿ. ಚರಂಡಿಯಲ್ಲಿ ಕೊಳೆತ ಮೊಟ್ಟೆ ಒಡೆದ ವಾಸನೆ. ಎಷ್ಟು ನಾರಿದರೆ ಅಷ್ಟು ಒಳ್ಳೆಯ ಮಾಲು ಎಂಬ ವ್ಯಾಪಾರವನ್ನು ನಾನು ಕಂಡದ್ದು ಇದೇ ಮೊದಲು. ಒಂದಿಷ್ಟು ನನ್ನ ಕೈಮೇಲೂ ತುಳುಕಿತು. ಆ ಮಹಾಶಯ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿ, ಅದೇ ಕೈಯಲ್ಲಿ ನನಗೊಂದು ಬಿಸ್ಕತ್ತು ಕೊಟ್ಟ. ತಿನ್ನದೆ ಜೇಬಿಗೆ ಹಾಕಿಕೊಂಡೆ. ಆಮೇಲೆ ಜೇಬೂ ನಾರಿತು.

ಯಂತ್ರ ಬೇಡವೆಂದರೆ ಸಮುದ್ರದಿಂದ ತೆಗೆದ ಜೀವಂತ ಕಲ್ಲು ಹಾಕಿ, ಅದರ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾವೇ ನೀರು ಶುದ್ಧ ಮಾಡುತ್ತದೆ ಅಂದ. ಬಗ್ಗಿ ನೋಡಿದೆ. ಒಂದು ರಂಧ್ರದಿಂದ ಮೈತುಂಬ ಮುಳ್ಳುಕೂದಲಿನ ಹುಳ ಇಣುಕಿ ನನ್ನನ್ನು ನೋಡಿತು. ಇಬ್ಬರಿಗೂ ಹಿಡಿಸಲಿಲ್ಲ.

ನನ್ನನ್ನು ಕಂಡರೆ ಅಂಗಡಿಯವನು ಷಟರ್ ಎಳೆಯುತ್ತಾನಂತೆ, ನಿನ್ನತ್ತಿಗೆ ಆಡಿಕೊಂಡು ನಗುತ್ತಾಳೆ. ನಿನ್ನಣ್ಣ ನಗಲಿಲ್ಲ. "ಅಪ್ಪ, ನಿಮಗೆ ಬೇಡವಾಗಿರೋದು ಫಿಲ್ಟರಾ, ತೊಟ್ಟಿನಾ?" ಅಂದ. ವಿತ್ ರೆಫರೆನ್ಸ್ ಟು ದಿ ಕಾಂಟೆಕ್ಸ್ಟ್ ಎಂದು ಏನೋ ಶುರು ಮಾಡಿದೆ. ಮುಂದಿನದು ನೆನಪಾಗಲಿಲ್ಲ.

ನಿಮ್ಮಮ್ಮ ಇದ್ದಿದ್ದರೆ ಆ ಬಟ್ಟಲನ್ನು ಅಂಗಡಿಯವನ ತಲೆಗೇ ಕವುಚುತ್ತಿದ್ದಳು. ಅಥವಾ ಮಾತಿಲ್ಲದೆ ತೊಳೆದಿಡುತ್ತಿದ್ದಳೋ ಏನೋ. ಅವಳು ಹೋಗಿ ಎರಡು ವರ್ಷವೂ ಆಗಿಲ್ಲ, ಆಗಲೇ ಇಷ್ಟನ್ನೂ ಖಚಿತವಾಗಿ ಹೇಳಲಾರೆ. ಆ ರಾಡಿಗಿಂತ ನನಗೆ ಇದು ಅಸಹ್ಯ. ಅವಳು ಹೋದಾಗ ಬಂದು ಹೋದವಳು ನೀನು ಮತ್ತೆ ಬಂದಿಲ್ಲ. ಕೆಲಸ ಹೆಚ್ಚು, ಗೊತ್ತು.

ಒಳ್ಳೆಯ ನಿದ್ದೆ ಬರಲಿ, ಬೆನ್ನು ನೆಟ್ಟಗಿರಲಿ, ಯಾರೂ ನಿನ್ನ ಮೂಗಿನ ಕೆಳಗೆ ಏನನ್ನೂ ತಂದು ಹಿಡಿಯದಿರಲಿ. ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ಇತಿ,
ನಿನ್ನ ಅಪ್ಪ

ತಾ.ಕ.: ಮಂಚ ತೆಗೆಯುವ ಮೊದಲು ಗುಬ್ಬಿಯನ್ನೊಂದು ಮಾತು ಕೇಳು ಎಂದು ನಿನ್ನಣ್ಣನಿಗೆ ನಾನೇ ಹೇಳಿದ್ದೆ. ನಿನಗೆ ಫೋನ್ ಮಾಡಿ ಬಂದು ಹೇಳಿದ: "ಅವಳು ಒಪ್ಪಿದಾಳಪ್ಪ. ಏನ್ ಬೇಕಾದ್ರೂ ಮಾಡ್ಕೊಳ್ಳಿ, ಅಮ್ಮ ಹೋದ್ಮೇಲೆ ಆ ಮನೇಲಿ ನನಗ್ಯಾರಿದಾರೆ ಅಂದ್ಲು." ಅಷ್ಟು ಹೇಳಿ ಟೇಪು ಹುಡುಕಲು ಹೋದ. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ನೀನು ಹಾಗೆ ಅಂದೆಯಾ? ಅಂದಿದ್ದರೆ ಅಂದೆ ಎಂದೇ ಬರೆ. ಅಂಗಡಿಗೆ ಇನ್ನೂ ಎರಡು ಹೊಸ ಮಾಡೆಲ್ ಬರುತ್ತವಂತೆ. ನಿನ್ನ ಕಾಗದ ಬರುವ ತನಕ ಅವೂ ನನಗೆ ಹಿಡಿಸುವುದಿಲ್ಲ.