ಹೋಗುವವರ ಪ್ರಾರ್ಥನೆ

ಮಿಷನ್ ಮನೆ, ಅಡುಗೆಕೋಣೆಯ ಮೇಜು
ಶುಕ್ರವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಚೂಟೀ,

ಅಕ್ಕನ ಆಶೀರ್ವಾದ, ಅದರ ಜೊತೆಗೇ ಅಕ್ಕನದೊಂದು ತಪ್ಪೊಪ್ಪಿಗೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ಈಗ ಉತ್ತರ ಬರೆಯುತ್ತಿದ್ದೇನೆ. ಹೇಗಿದ್ದೀಯಾ? ಆ ಒಣ ಕೆಮ್ಮು ನಿಂತಿತೇ? ಅಮ್ಮ ಈಗ ವಾಕರ್ ಹಿಡಿಯದೆ ಬಚ್ಚಲಿನವರೆಗೆ ಹೋಗುತ್ತಾಳೆ ಎಂದು ಬರೆದಿದ್ದೆ. ಸಂತೋಷವಾಯಿತು, ಭಯವೂ ಆಯಿತು. ಅವಳನ್ನು ಮೆಟ್ಟಿಲ ಹತ್ತಿರ ಬಿಡಬೇಡ. ಬಿಡದಿದ್ದರೂ ಹೋಗುತ್ತಾಳೆ, ಗೊತ್ತು. ನೀನು ಕೂಗುತ್ತೀ, ಅವಳು ಕಿವಿ ಕೇಳಿಸದವಳ ಹಾಗೆ ಇನ್ನೂ ಎರಡು ಮೆಟ್ಟಿಲು ಹತ್ತುತ್ತಾಳೆ. ಸೊಂಟಕ್ಕೆ ಹಚ್ಚುವ ಎಣ್ಣೆಯನ್ನು ಬಿಸಿ ಮಾಡಿಯೇ ಹಚ್ಚು. ಇಲ್ಲಿ ನನಗೆ ಜ್ವರವಿಲ್ಲ, ನೆಗಡಿಯಿಲ್ಲ, ಊಟ ಸೇರುತ್ತಿದೆ. ದಣಿದಿದ್ದೇನೆ, ಅಷ್ಟೇ. ಮಲಗಿ ಎದ್ದರೆ ಹೋಗುವಂಥ ದಣಿವಲ್ಲ ಇದು, ಎದ್ದ ಮೇಲೂ ಹಾಸಿಗೆಯ ಪಕ್ಕದಲ್ಲೇ ಚಪ್ಪಲಿಯ ಹಾಗೆ ಕಾದಿರುತ್ತದೆ.

ನಿನ್ನ ಕಾಗದದಲ್ಲಿ ಇದ್ದದ್ದು ನಾಲ್ಕು ಸಾಲು. ಅದರಲ್ಲಿ ಮೂರು ಅಮ್ಮನದು. ಕೊನೆಯದು ಮಾತ್ರ ನಿನ್ನದು: ‘ಲ್ಯಾಬ್ ಕೋರ್ಸಿಗೆ ಅರ್ಜಿ ಹಾಕೋಕೆ ಮೂವತ್ತು ಕೊನೇ ದಿನ, ನನ್ನ ವಯಸ್ಸಿಗೆ ಇದೇ ಕೊನೇ ವರ್ಷ, ನೀನು ಬರ್ತೀಯೋ ಇಲ್ವೋ ಅಷ್ಟು ಬರಿ ಸಾಕು.’ ಬೈದಿದ್ದರೆ ಚೆನ್ನಾಗಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಇಷ್ಟು ತಣ್ಣಗೆ ಬರೆದರೆ ನನಗೆ ಕೈಕಾಲು ಆಡುವುದಿಲ್ಲ. ಫೋನ್ ಮಾಡಿದರೆ ‘ಅಮ್ಮನ ಹತ್ರ ಮಾತಾಡು’ ಎಂದು ಅವಳ ಕೈಗೆ ದಾಟಿಸಿಬಿಡುತ್ತೀ, ಅದಕ್ಕೇ ಈ ಕಾಗದ. ಅಮ್ಮ ಬಿದ್ದ ವರ್ಷವೇ ನಿನಗೆ ಆ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು, ನನಗೆ ಇಲ್ಲಿಂದ ಕರೆ ಬಂದಿತ್ತು. ಇಬ್ಬರಲ್ಲಿ ಒಬ್ಬಳು ಮನೆಯಲ್ಲಿ ನಿಲ್ಲಲೇಬೇಕಿತ್ತು. ‘ನೀನು ಹೋಗು, ದೇವರ ಕೆಲಸ, ಎರಡೇ ವರ್ಷ ತಾನೇ’ ಎಂದವಳು ನೀನು. ಎರಡು ಹೋಗಿ ಮೂರಾಯಿತು. ಮೂರನೆಯ ವರ್ಷವನ್ನು ನಾನು ಕೇಳಿದಾಗ ನೀನು ಏನೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಉತ್ತರ ಬರೆಯಲು ಪುರುಸೊತ್ತು ಸಿಗಲಿಲ್ಲ ಎಂದರೆ ಅರ್ಧ ನಿಜ. ಈ ಮನೆಯಲ್ಲಿ ವರ್ಷಕ್ಕೊಮ್ಮೆ ಇಂಥ ಒಂದು ವಾರ ಬರುತ್ತದೆ. ಹೋಗುವವರ ವೀಸಾಗಳೆಲ್ಲ ಒಂದೇ ತಿಂಗಳಲ್ಲಿ ಮುಗಿಯುತ್ತವೆ, ಹೊಸಬರವು ಅದೇ ತಿಂಗಳಲ್ಲಿ ಶುರುವಾಗುತ್ತವೆ. ಮುಂದಿನ ಬಾಗಿಲಿನಿಂದ ಹತ್ತುವವರು, ಹಿಂದಿನ ಬಾಗಿಲಿನಿಂದ ಇಳಿಯುವವರು, ನಡುವೆ ಕಂಡಕ್ಟರನ ಹಾಗೆ ನಾನು. ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಹಾಸಿಗೆ ತೋರಿಸುವುದು, ಬೀಗದ ಕೈ ಕೊಡುವುದು, ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗುತ್ತದೆ ಎಂದು ಹೇಳುವುದು. ಹೋಗುವವರ ಚೀಲ ಕಟ್ಟಿಸಿ, ಬಾಗಿಲಲ್ಲಿ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಕಾರು ತಿರುವು ದಾಟುವವರೆಗೆ ಕೈ ಬೀಸುವುದು. ನಮ್ಮ ಮನೆಯ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಮೊದಲ ವರ್ಷ ಅವರು ‘ಒಂದೇ ಒಂದು ವಾರ ನೋಡ್ಕೋ ಮಗಳೇ’ ಎಂದು ಈ ಕೆಲಸ ಕೊಟ್ಟರು, ನಾನು ತಲೆಯಾಡಿಸಿದೆ. ಆ ಒಂದು ವಾರ ಇನ್ನೂ ಮುಗಿದಿಲ್ಲ. ರೋಗಿಗಳ ಮನೆಗೆ ಹೋಗಿ ಕೂರುತ್ತೇನೆ, ದೊಡ್ಡವರಿಗೆ ಓದು ಕಲಿಸುತ್ತೇನೆ ಎಂದುಕೊಂಡು ಬಂದವಳು ನಾನು. ಈಗ ಯಾವ ದಿಂಬಿನ ಹತ್ತಿ ಗಂಟುಕಟ್ಟಿದೆ ಎಂಬುದು ನನಗೆ ಕಣ್ಣು ಮುಚ್ಚಿದರೂ ಗೊತ್ತು.

ಸೋಮವಾರ ನಮ್ಮ ಕ್ಲಿನಿಕ್ಕಿನ ದಂತವೈದ್ಯರೂ ಅವರ ಹೆಂಡತಿಯೂ ಹೊರಟರು. ಚೀಲದ ತೂಕ ಮೀರಬಾರದೆಂದು ಡಾಕ್ಟರು ಮೊದಲು ಬರಿಗೈಯಲ್ಲಿ, ಆಮೇಲೆ ಚೀಲ ಹಿಡಿದು ತೂಕದ ಯಂತ್ರ ಹತ್ತಿದರು. ಅವರ ಹೆಂಡತಿ ಚೀಲವನ್ನು ಬಿಟ್ಟು ಗಂಡನ ತೂಕ ನೋಡಿಯೇ ಗಾಬರಿಯಾದರು, ‘ಹನ್ನೊಂದು ವರ್ಷದಿಂದ ಸಪ್ಪೆ ಮಾಡಿ ಬಡಿಸಿದ್ದೆಲ್ಲ ಎಲ್ಲಿ ಹೋಯ್ತು’ ಎಂದು. ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕೂತೆವು. ಆಮೇಲೆ ಬಾಗಿಲಲ್ಲಿ ಅವರಿಬ್ಬರ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿದೆ. ಮಂಗಳವಾರ ಬೆಳಿಗ್ಗೆ ಇನ್ನು ಮೂವರು ಹೋದರು, ಮಧ್ಯಾಹ್ನ ಒಬ್ಬ ಬಡಗಿ ಬಂದರು. ಇಲ್ಲಿನ ಶಾಲೆಗೆ ಬೆಂಚು ಮಾಡಿಕೊಡಲು ಬಂದವರು. ಹೆಸರು ಬರೆದ ರಟ್ಟು ಹಿಡಿದು ನಾನು ಮೂರು ಗಂಟೆ ವಿಮಾನ ನಿಲ್ದಾಣದ ಒಂದು ಬಾಗಿಲಲ್ಲಿ ನಿಂತಿದ್ದೆ, ಅವರು ಮೂರು ಗಂಟೆ ಇನ್ನೊಂದು ಬಾಗಿಲಲ್ಲಿ ಪೆಟ್ಟಿಗೆಯ ಮೇಲೆ ಕೂತು ಗೊರಕೆ ಹೊಡೆಯುತ್ತಿದ್ದರು. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಎಲ್ಲ ಕದಗಳನ್ನೂ ಎಳೆದು ನೂಕಿ ನೋಡಿ ‘ಇದನ್ನ ಕೂರಿಸಿದ ಪುಣ್ಯಾತ್ಮ ಯಾರು?’ ಎಂದರು. ಇಂಥವರು ಇಲ್ಲಿ ನಿಲ್ಲುತ್ತಾರೆ ಚೂಟಿ. ಬಂದವರ ಮುಖ ನೋಡಿದರೆ ನನಗೆ ಈಗ ಗೊತ್ತಾಗುತ್ತದೆ.

ಬುಧವಾರ ಬಂದವಳ ಮುಖ ನೋಡಿಯೂ ಗೊತ್ತಾಯಿತು, ಆದರೆ ಗೊತ್ತಾಗದವಳ ಹಾಗೆ ಇದ್ದೆ. ಇಪ್ಪತ್ತೆರಡರ ಹುಡುಗಿ. ಮನೆಯಿಂದ ಹೊರಗೆ ಕಾಲಿಟ್ಟದ್ದೇ ಮೊದಲ ಸಲ. ನನ್ನ ಕೆಲಸಕ್ಕೆ ಬಂದವಳು ಅವಳೇ. ‘ಅವಳು ನಿಂತರೆ ನೀನು ನಿಶ್ಚಿಂತೆಯಾಗಿ ಹೊರಡು, ಅವಳು ಬಂದ ವಾರದ ಶನಿವಾರವೇ ಟಿಕೆಟ್ ಮಾಡಿಸೋಣ’ ಎಂದು ದೊಡ್ಡಮ್ಮ ಹೋದ ತಿಂಗಳೇ ಹೇಳಿದ್ದರು. ನಿನಗೆ ಬರೆಯಬೇಕಾಗಿದ್ದ ಉತ್ತರವೆಲ್ಲ ಅವಳ ಮೇಲೆ ನಿಂತಿತ್ತು, ಅದಕ್ಕೇ ಇಪ್ಪತ್ತು ದಿನ ಕಾದೆ. ಕಾರಿನಲ್ಲಿ ಅವಳು ದಾರಿಯುದ್ದಕ್ಕೂ ಚೀಲವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಬಂದವರಿಗೆ ಮೊದಲ ಊಟದ ಮೇಜಿನಲ್ಲಿ ಸ್ವಾಗತದ ಪ್ರಾರ್ಥನೆ ಮಾಡುವುದು ಇಲ್ಲಿನ ಪದ್ಧತಿ, ಅದೂ ನನ್ನ ಪಾಲಿನದೇ. ಎಲ್ಲರೂ ಕಣ್ಣು ಮುಚ್ಚಿದರು. ನಾನು ಎದ್ದು ಆ ಹುಡುಗಿಯ ಹೆಗಲ ಮೇಲೆ ಕೈಯಿಟ್ಟೆ. ಮೂರು ದಿನದಲ್ಲಿ ಐದು ಜನರನ್ನು ಕಳಿಸಿದ ಬಾಯಿ, ತನ್ನಷ್ಟಕ್ಕೆ ಹೊರಟುಬಿಟ್ಟಿತು. ‘ಕರ್ತನೇ, ಈ ನಿನ್ನ ಮಗಳು ಇಲ್ಲಿ ಮಾಡಿದ ಸೇವೆಯನ್ನು ಸ್ವೀಕರಿಸು, ದಾರಿಯಲ್ಲಿ ಇವಳನ್ನು ಕಾಪಾಡು, ಇವಳಿಗಾಗಿ ಕಾದಿರುವವರ ಬಳಿಗೆ ಇವಳನ್ನು ಕ್ಷೇಮವಾಗಿ ಮುಟ್ಟಿಸು, ತಾಯಿಯ ಕೈಯೂಟವನ್ನು ಇವಳಿಗೆ ಮತ್ತೆ ಕೊಡು’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಬಡಗಿ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಆಮೆನ್ ಎಂದವಳು ಆ ಹುಡುಗಿಯೊಬ್ಬಳೇ, ಅದೂ ಎಂಥ ಗಟ್ಟಿ ಸ್ವರದಲ್ಲಿ! ಹೇಳಿದವಳೇ ತಟ್ಟೆಗೆ ಮುಖ ಬಗ್ಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ನಾಲಿಗೆ ಕಚ್ಚಿಕೊಂಡು ನಿಂತೆ. ದೊಡ್ಡಮ್ಮ ನಕ್ಕು ‘ಪಾಪ, ಸುಸ್ತಾಗಿದ್ದಾಳೆ’ ಎಂದು ಸಾರು ಬಡಿಸಲು ಹೇಳಿದರು. ಸುಸ್ತಾಗಿದ್ದಾಳೆ ಎಂದದ್ದು ಯಾರನ್ನು ಎಂದು ನಾನು ಕೇಳಲಿಲ್ಲ.

ನಿನ್ನೆಯಿಡೀ ಅವಳ ಬೆನ್ನಿಗೇ ಇದ್ದೆ. ಕಿಟಕಿಯ ಪಕ್ಕದ ನನ್ನ ಹಾಸಿಗೆ ಬಿಟ್ಟುಕೊಟ್ಟೆ. ಹೊಸಬರ ಹೆಸರು ನೋಂದಾಯಿಸುವ ಕಚೇರಿಯ ಸಾಲಿನಲ್ಲಿ ಎರಡು ಗಂಟೆ ಅವಳ ಕೈ ಹಿಡಿದು ನಿಂತೆ, ಕುರ್ಚಿ ಖಾಲಿಯಾದಾಗಲೆಲ್ಲ ಅವಳನ್ನೇ ಕೂರಿಸಿದೆ. ನನ್ನ ಮೊದಲ ವಾರದ ಕತೆಗಳನ್ನು ಉಪ್ಪುಖಾರ ಹಚ್ಚಿ ಹೇಳಿ ನಗಿಸಿದೆ. ಯಾರಾದರೂ ನೋಡಿದ್ದರೆ ಎಷ್ಟು ಒಳ್ಳೆಯವಳು ಎನ್ನುತ್ತಿದ್ದರು. ನಾನೂ ಅರ್ಧ ದಾರಿಯವರೆಗೆ ಹಾಗೇ ಅಂದುಕೊಂಡೆ. ಆಮೇಲೆ ಅವಳು ‘ಅಕ್ಕಾ, ಇಲ್ಲಿ ಎಲ್ಲರೂ ಮೊದಲು ಹೀಗೇ ಅಳ್ತಾರಾ?’ ಎಂದು ಕೇಳಿದಾಗ, ‘ಎಲ್ಲರೂ ಅಳ್ತಾರೆ, ಎರಡು ವಾರಕ್ಕೆ ಸರಿಹೋಗುತ್ತೆ’ ಎಂದುಬಿಟ್ಟೆ. ಸುಳ್ಳು. ನಾನು ಅತ್ತಿರಲಿಲ್ಲ. ಬರುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ ನಿಲ್ದಾಣದಲ್ಲಿ ನಿನ್ನನ್ನು ತಿರುಗಿ ನೋಡಿದೆನೋ ಇಲ್ಲವೋ ಎಂಬುದೂ ನೆನಪಿಲ್ಲ. ಆ ಸುಳ್ಳನ್ನು ಹೇಳಿದ್ದು ಅವಳ ಒಳ್ಳೆಯದಕ್ಕಲ್ಲ ಚೂಟಿ, ನನ್ನ ಟಿಕೆಟ್ಟಿಗೆ ಕಾವಲು ಕೂತು ಹೇಳಿದ್ದು. ಮೂರು ವರ್ಷ ದೇವರ ಕೆಲಸ ಮಾಡಿದವಳ ಬಾಯಿಂದ ಬಂದದ್ದು ಅದು. ನನಗೇ ಅಸಹ್ಯವಾಯಿತು.

ಇವತ್ತು ಬೆಳಿಗ್ಗೆ ಅವಳು ದೊಡ್ಡಮ್ಮನ ಕೋಣೆಗೆ ಹೋಗಿ, ಮುಂದಿನ ವಾರವೇ ವಾಪಸು ಕಳಿಸಿಬಿಡಿ ಎಂದಳು. ಗಲಾಟೆ ಮಾಡಲಿಲ್ಲ, ಅಳಲೂ ಇಲ್ಲ. ಮೇಜಿನಲ್ಲಿ ನಾನು ಪ್ರಾರ್ಥಿಸಿದಾಗಲೇ ತನಗೆ ದೇವರ ಉತ್ತರ ಸಿಕ್ಕಿತಂತೆ. ನೋಡು, ದೇವರು ನನ್ನಂಥವಳ ಬಾಯನ್ನೂ ಬಿಡುವುದಿಲ್ಲ. ದೊಡ್ಡಮ್ಮ ನನ್ನನ್ನು ಕರೆಸಿ ಕೂರಿಸಿದರು. ಬೈಯಲಿಲ್ಲ. ಅವರ ಕಣ್ಣಿನ ಕೆಳಗೂ ಕಪ್ಪು ಕಟ್ಟಿದೆ, ಅವರೂ ದಣಿದಿದ್ದಾರೆ. ‘ಇನ್ನೊಬ್ಬಳು ಸಿಗೋಕೆ ಆರು ತಿಂಗಳು ಬೇಕು. ಅಷ್ಟು ದಿನ ನೀನೇ ನೋಡ್ಕೋಬೇಕು ಮಗಳೇ. ನಿನ್ನ ಬಿಟ್ರೆ ನನಗ್ಯಾರಿದ್ದಾರೆ? ನಾಳೆ ಬೆಳಿಗ್ಗೆ ಯೋಚನೆ ಮಾಡಿ ಹೇಳು’ ಎಂದರು. ನಾನು ತಲೆಯಾಡಿಸಿ ಎದ್ದು ಬಂದೆ. ಆಯಿತು ಎಂದು ತಲೆಯಾಡಿಸಿದೆನೋ, ಯೋಚಿಸುತ್ತೇನೆ ಎಂದೋ, ನನಗೇ ಗೊತ್ತಿಲ್ಲ. ನನ್ನ ಕತ್ತು ಎಡಕ್ಕೆ ಬಲಕ್ಕೆ ಆಡುವುದನ್ನು ಕಲಿಯಲೇ ಇಲ್ಲ ಎಂದು ಅಮ್ಮ ಹೇಳುತ್ತಿದ್ದುದು ಸುಳ್ಳಲ್ಲ.

ಈಗ ಮೂರು ಗಂಟೆಯಿಂದ ಈ ಮೇಜಿನಲ್ಲಿ ಕೂತಿದ್ದೇನೆ. ನನ್ನ ಜೊತೆ ಕೋಣೆಯಲ್ಲಿದ್ದ ಟೀಚರ್ ಮೇಲಿನ ಮಹಡಿಯಲ್ಲಿ ಚೀಲ ಕಟ್ಟುತ್ತಿದ್ದಾರೆ, ಅವರೂ ನಾಳೆ ಹೊರಡುತ್ತಾರೆ. ಈ ಕಾಗದವನ್ನು ನಮ್ಮ ದೇಶ ಮುಟ್ಟಿದ ಕೂಡಲೇ ಅಂಚೆಗೆ ಹಾಕುತ್ತೇನೆ ಎಂದಿದ್ದಾರೆ. ಸುತ್ತಿ ಬಳಸಿ ಆಯಿತು, ಇನ್ನು ಕೇಳಿಬಿಡುತ್ತೇನೆ. ಇನ್ನೊಂದು ಆರು ತಿಂಗಳು ಕೊಡುತ್ತೀಯಾ? ಆರೇ ತಿಂಗಳು. ಕೋರ್ಸಿನವರಿಗೆ ಬರೆದು ಕೇಳೋಣ, ವಯಸ್ಸಿನ ವಿಷಯದಲ್ಲಿ ಏನಾದರೂ ರಿಯಾಯಿತಿ ಇರುತ್ತದೆ. ಇಲ್ಲದಿದ್ದರೆ ಬೇರೆ ಕೋರ್ಸುಗಳೂ ಇರುತ್ತವೆ, ನೀನು ಜಾಣೆ, ನಿನಗೆ ಯಾವುದಾದರೂ ಸಿಕ್ಕೇ ಸಿಗುತ್ತದೆ. ದೊಡ್ಡಮ್ಮನನ್ನು ಈ ಸ್ಥಿತಿಯಲ್ಲಿ ಬಿಟ್ಟು ಬಂದರೆ ನನಗೆ ಮನಸ್ಸು ನಿಲ್ಲುವುದಿಲ್ಲ. ನೀನು ಅರ್ಥ ಮಾಡಿಕೊಳ್ಳುತ್ತೀ ಎಂದು ನನಗೆ ಗೊತ್ತು, ಯಾವಾಗಲೂ ಅರ್ಥ ಮಾಡಿಕೊಂಡಿದ್ದೀ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಅವಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಬೇಡ ಅನ್ನುತ್ತಾಳೆ, ಬಿಡಬೇಡ. ನಿನ್ನನ್ನು ದೇವರು ತನ್ನ ಅಂಗೈಯಲ್ಲಿಟ್ಟು ಕಾಯಲಿ, ನಿನ್ನ ಕೆಮ್ಮನ್ನು ವಾಸಿ ಮಾಡಲಿ, ನಿನ್ನ ಕೋಪವನ್ನು ಮಾತ್ರ ಹಾಗೇ ಬಿಡಲಿ.

ಪ್ರೀತಿಯಿಂದ,
ನಿನ್ನ ಅಕ್ಕ

ವಿ.ಸೂ.: ಶನಿವಾರ, ಬೆಳಿಗ್ಗೆ ಎಂಟೂವರೆ. ಟೀಚರ್ ಕಾರಿನಲ್ಲಿ ಕೂತಾಗಿದೆ, ಡ್ರೈವರು ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಹೇಗಿದ್ದರೂ ಓದಿಕೋ. ಬೆಳಿಗ್ಗೆ ಲೋಟ ತೊಳೆಯುವಾಗ ಆ ಹುಡುಗಿ ‘ನಿಮಗೆ ಮನೇಲಿ ಯಾರೂ ಇಲ್ವಾ ಅಕ್ಕಾ?’ ಎಂದು ಕೇಳಿದಳು. ಇದ್ದಾರೆ ಎಂದೆ. ‘ಮತ್ತೆ?’ ಎಂದಳು, ಅಷ್ಟೇ. ಕೈ ಒರೆಸಿಕೊಳ್ಳದೆ ನೇರ ದೊಡ್ಡಮ್ಮನ ಕೋಣೆಗೆ ಹೋಗಿ, ನನ್ನ ಕೈಲಾಗಲ್ಲ, ನಾನು ಮನೆಗೆ ಹೋಗ್ತೀನಿ ಎಂದೆ. ‘ಹಾಗಾದ್ರೆ ಇಲ್ಲಿ ಬಾಗಿಲು ತೆಗೆಯೋರ್ಯಾರು?’ ಎಂದರು. ಗೊತ್ತಿಲ್ಲ ದೊಡ್ಡಮ್ಮ ಎಂದೆ. ಅತ್ತರು, ನಾನೂ ಅತ್ತೆ, ಆದರೆ ತಲೆಯಾಡಿಸಲಿಲ್ಲ. ಇಪ್ಪತ್ತೆಂಟಕ್ಕೆ ಟಿಕೆಟ್ ಆಗಿದೆ, ಅದರ ಪ್ರತಿ ಇದರೊಳಗಿದೆ. ಮೇಲೆ ಬರೆದದ್ದನ್ನು ಹರಿದುಹಾಕಬಹುದಿತ್ತು, ಹರಿಯಲಿಲ್ಲ. ನಿನ್ನ ಬದುಕನ್ನು ಇನ್ನೊಂದು ಸಲ ಎಷ್ಟು ಸಿಹಿಯಾಗಿ ಕೇಳಿಬಿಟ್ಟಿದ್ದೆ ಎಂದು ನೀನು ಓದಲೇಬೇಕು. ಓದಿ ಬಾಯಿಗೆ ಬಂದ ಹಾಗೆ ಬೈ, ಬಂದು ಎದುರಿಗೆ ನಿಂತು ಕೇಳಿಸಿಕೊಳ್ಳುತ್ತೇನೆ. ಒಂದು ಸಲ ಮಾತು ತಪ್ಪಿ ಇನ್ನೊಂದು ಸಲ ತಪ್ಪಲು ಹೊರಟವಳನ್ನು ನಂಬಬೇಕು ಎಂದು ಕೇಳುವುದಿಲ್ಲ. ನಾನು ಬಾಗಿಲಲ್ಲಿ ಕಂಡ ಮೇಲೆ ನೋಡೋಣ ಎಂದು ಕೂರಬೇಡ. ಅರ್ಜಿ ಹಾಕು. ಇದನ್ನು ಓದಿದ ದಿನವೇ ಹಾಕು.